ಬಾವಿಯಲ್ಲಿ ಈಜು ಕಲಿತವನು ಮಾಲ್ಟಾದ ಸಮುದ್ರಕ್ಕೆ ಇಳಿಯಬಹುದಾ?

ರೇಷ್ಮೆಗೂಡು, ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನನ್ನ ಅಕ್ಕನ ಮಗಳು ಮೆಡಿಟರೇನಿಯನ್ ಸಮುದ್ರದ ದ್ವೀಪದೇಶ ಮಾಲ್ಟಾದಲ್ಲಿ ನರ್ಸ್. ಹೋಗಿ ಮೂರು ವರ್ಷ ಆಯಿತು. "ಮಾವ, ಸೆಪ್ಟೆಂಬರಿನಲ್ಲಿ ನೀವೆಲ್ಲ ಬರಲೇಬೇಕು, ಉಳಿಯೋಕೆ ಮನೆ ಇದೆ, ಟಿಕೆಟ್ ಒಂದು ನೀವು ನೋಡಿಕೊಳ್ಳಿ" ಎಂದು ಹಟ ಹಿಡಿದಿದ್ದಾಳೆ. ಹೊರಡುವವರು ನಾಲ್ಕು ಜನ. ನಾನು (46), ನನ್ನ ಹೆಂಡತಿ, ಒಂಬತ್ತು ವರ್ಷದ ಮಗ, ಜೊತೆಗೆ ನನ್ನ ಬಾಮೈದ. ಬಾಮೈದನನ್ನು ಯಾರೂ ಕರೆದಿಲ್ಲ, ಅವನೇ ಬರುತ್ತಿದ್ದಾನೆ. ವೀಸಾ, ವಿಮೆ ಎಲ್ಲ ಹುಡುಗಿ ಹೇಳಿದಂತೆ ನಡೆಯುತ್ತಿದೆ. ನನ್ನ ತಲೆನೋವು ಸಮುದ್ರದ್ದು.

ನಮ್ಮದು ರೇಷ್ಮೆ ನೂಲು ಬಿಚ್ಚಾಣಿಕೆ. ದಿನವೆಲ್ಲ ಬಿಸಿನೀರಿನ ಮುಂದೆಯೇ ಇರುತ್ತೇನೆ, ಆದರೆ ಮೈ ಮುಳುಗುವಷ್ಟು ನೀರು ಕಂಡು ಎಷ್ಟೋ ವರ್ಷ ಆಯಿತು. ಈಜು ಬರುತ್ತದೆ. ಎಂಟನೇ ವಯಸ್ಸಿನಲ್ಲಿ ಚಿಕ್ಕಪ್ಪ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ನಮ್ಮ ತೋಟದ ಬಾವಿಗೆ ತಳ್ಳಿದರು. ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಎತ್ತು ಕಟ್ಟಿ ನೀರೆತ್ತುವ ಕಪಿಲೆಯ ಕಲ್ಲಿನ ಮೇಲೆ ನಿಂತು ತಲೆಕೆಳಗಾಗಿ ಡೈ ಹೊಡೆಯುತ್ತಿದ್ದೆ. ತಳದ ಮಣ್ಣು ಹಿಡಿದು ಮೇಲೆ ಬಂದರೆ ಒಂದು ಬೀಡಿ ಪಂದ್ಯ. (ಸೇದುತ್ತಿರಲಿಲ್ಲ, ಮಾರುತ್ತಿದ್ದೆ.) ಆ ಬಾವಿ ಈಗ ಬತ್ತಿದೆ. ಒಳಗೆ ಹೊಂಗೆಗಿಡ ಬೆಳೆದು ಮೇಲಕ್ಕೆ ಇಣುಕುತ್ತಿದೆ. ನಾವೆಲ್ಲ ಬೋರ್‌ವೆಲ್ ಜನ ಆಗಿದ್ದೇವೆ.

ಎರಡು ವರ್ಷದ ಹಿಂದೆ ಮುರುಡೇಶ್ವರಕ್ಕೆ ಹೋಗಿದ್ದಾಗ ಮೊಣಕಾಲು ನೀರಿನಲ್ಲಿ ನಿಂತಿದ್ದೆ. ಒಂದು ಅಲೆ ಬಂದು ಅಡಿಕೆ ಮೂಟೆ ಉರುಳಿಸಿದ ಹಾಗೆ ಉರುಳಿಸಿತು. ಕನ್ನಡಕ ಹೋಯಿತು. ಹೆಂಡತಿ ಇವತ್ತಿಗೂ ನೆಂಟರ ಮುಂದೆ ಅದನ್ನೇ ಹೇಳುತ್ತಾಳೆ. ಆದರೆ ಮಾಲ್ಟಾದ ಫೋಟೋಗಳಲ್ಲಿ ಸಮುದ್ರ ಬೇರೆ ತರ ಇದೆ. ಅಲೆಯೇ ಇಲ್ಲ. ಗಾಜಿನ ಹಾಗೆ ನೀರು, ತಳದ ಕಲ್ಲು ಎಣಿಸಬಹುದು. ಒಂದು ಫೋಟೋದಲ್ಲಿ ಬಂಡೆಯ ಮೇಲಿಂದ ಹುಡುಗರು ಸಾಲಾಗಿ ನೆಗೆಯುತ್ತಿದ್ದಾರೆ. ಬಾಮೈದ ಅದನ್ನು ನೋಡಿ "ಭಾವ, ನಿಮ್ಮ ಡೈ ಅಲ್ಲೇ ನೋಡೋಣ" ಎನ್ನುತ್ತಿದ್ದಾನೆ. ಸುಳ್ಳು ಯಾಕೆ, ನನಗೂ ಆಸೆ ಇದೆ.

ಕೇಳಬೇಕಾದ್ದು ಇಷ್ಟು. ಬಂಡೆ ಮೇಲಿಂದ ನೆಗೆಯಬಹುದಾ? ಈಜು ಬಾರದ ಹೆಂಡತಿ ಚೂಡಿದಾರ್ ಹಾಕಿಕೊಂಡು ನೀರಿಗೆ ಇಳಿದರೆ ಯಾರಾದರೂ ಏನಾದರೂ ಅನ್ನುತ್ತಾರಾ? ಜೆಲ್ಲಿ ಮೀನು ಕಚ್ಚುತ್ತದೆ ಎನ್ನುತ್ತಾರಲ್ಲ, ಅದಕ್ಕೇನು ಔಷಧಿ? ಮಗನಿಗೆ ಗಾಳಿ ತುಂಬುವ ದೊಡ್ಡ ಬಾತುಕೋಳಿ ತರಿಸಿದ್ದೇವೆ, ಈಗಾಗಲೇ ಹಾಲಿನಲ್ಲಿ ಕೂತಿದೆ. ಅದನ್ನು ನಂಬಬಹುದಾ?

ತಿಪಟೂರು ಕೊಬ್ಬರಿ

ಸುಮ್ನೆ ಭಯ ಬೀಳಬೇಡಿ ಸರ್. ಮೆಡಿಟರೇನಿಯನ್ ಎಂದರೆ ನಮ್ಮ ಅರಬ್ಬಿ ಸಮುದ್ರ ಅಲ್ಲ. ನಾವು ಗ್ರೀಸಿನ ಸಾಂಟೊರಿನಿ ದ್ವೀಪಕ್ಕೆ ಹೋಗಿದ್ದೆವು. ಐದು ದಿನವೂ ಸಮುದ್ರ ಕೆರೆಯ ಹಾಗೆ ಇತ್ತು. ಭರತ ಇಳಿತ ಅಲ್ಲಿ ಹೆಚ್ಚಿನ ಕಡೆ ಒಂದು ಗೇಣು, ಎರಡು ಗೇಣು ಅಷ್ಟೇ. ನಮ್ಮ ಯಜಮಾನರಿಗೆ ಈಜೇ ಬಾರದು, ಅವರೇ ಗಂಟೆಗಟ್ಟಲೆ ಕೂತಿದ್ದರು.

ನಾನು ಕೊಡುವ ಒಂದೇ ಬುದ್ಧಿಮಾತು ಚಪ್ಪಲಿಯದು. ಪೆರಿಸ್ಸಾ ಎನ್ನುವ ಬೀಚ್‌ನಲ್ಲಿ ಮರಳು ಕಪ್ಪು, ಜ್ವಾಲಾಮುಖಿಯ ಮರಳು. ಮಧ್ಯಾಹ್ನ ಬರಿಗಾಲಲ್ಲಿ ಹತ್ತು ಹೆಜ್ಜೆ ಇಟ್ಟೆ, ಕೊಂಡ ಹಾಯ್ದ ಹಾಗಾಯಿತು. ಸಂಜೆ ನಡೆಯೋಕೆ ಆಗಲಿಲ್ಲ. ಮಿಕ್ಕಂತೆ ನೀಲಿ ಬಾವುಟ ಇರುವ ಬೀಚ್ ನೋಡಿಕೊಂಡು ಹೋಗಿ. ಅದು ಸೇಫ್ ಎನ್ನುವ ಗುರುತು. ಡೈ ಹೊಡೆದು ಫೋಟೋ ಹಾಕಿ!

ವಿದುರಾಶ್ವತ್ಥದ ಹುಡುಗಿ, ಗೌರಿಬಿದನೂರು

ಅಣ್ಣಾ, ದಯವಿಟ್ಟು ಡೈ ಹೊಡೆಯುವ ಮುಂಚೆ ಇದನ್ನು ಓದಿ.

ನಾನು ಮಾಲ್ಟಾದಲ್ಲಿ ನಾಲ್ಕು ವರ್ಷ ನರ್ಸ್ ಆಗಿದ್ದೆ, ಈಗ ಊರಿಗೆ ವಾಪಸ್ ಬಂದಿದ್ದೇನೆ. ನಾನೂ ಬಾವಿಯಲ್ಲೇ ಕಲಿತವಳು. ನಮ್ಮ ತಾತ ಬುರುಡೆ ಕಟ್ಟಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ಹಗ್ಗ ಯಾವತ್ತು ಬಿಟ್ಟರು ಎಂದು ನನಗೆ ಗೊತ್ತೇ ಆಗಲಿಲ್ಲ. ಹಾಗಾಗಿ ಮಾಲ್ಟಾಕ್ಕೆ ಹೋದಾಗ ನನಗೂ ನಿಮ್ಮಷ್ಟೇ ಧೈರ್ಯ ಇತ್ತು. ಎರಡನೇ ತಿಂಗಳಲ್ಲೇ ಅದು ಇಳಿಯಿತು.

ಅಲ್ಲಿ ಪಶ್ಚಿಮದ ಕಡೆ ಐನ್ ತುಫೀಹಾ ಎನ್ನುವ ಬೀಚ್ ಇದೆ. (ಬೋರ್ಡಿನಲ್ಲಿ ಜಿ, ಎಚ್ ಎಂದು ಶುರುವಾಗುತ್ತದೆ, ಆದರೆ ಬಾಯಲ್ಲಿ ಆ ಅಕ್ಷರಗಳು ಬರುವುದಿಲ್ಲ. ಬಸ್ಸಿನಲ್ಲಿ ಓದಿದ ಹಾಗೆ ಹೇಳಿ ನಗೆಪಾಟಲಾಗಿದ್ದೇನೆ.) ಇನ್ನೂರರ ಹತ್ತಿರ ಮೆಟ್ಟಿಲು ಇಳಿಯಬೇಕು, ಕೆಳಗೆ ಕೆಂಪು ಮರಳು, ಸುತ್ತ ಜೇಡಿಮಣ್ಣಿನ ಗುಡ್ಡ. ತುಂಬ ಚೆನ್ನಾಗಿದೆ. ಅವತ್ತು ಹಳದಿ ಬಾವುಟ ಹಾರುತ್ತಿತ್ತು. ಹಳದಿ ಎಂದರೆ ಎಚ್ಚರಿಕೆ. ನಾನು ಕೆಂಪಲ್ಲವಲ್ಲ ಎಂದುಕೊಂಡೆ. ಸೊಂಟದ ನೀರು. ಕಾಲಡಿಯ ಮರಳು ಜಾರಿದ ಹಾಗಾಯಿತು. ಅಯ್ಯೋ ಎನ್ನುವಷ್ಟರಲ್ಲಿ ಕಾಲಿಗೆ ನೆಲ ಸಿಗಲಿಲ್ಲ. ತಿರುಗಿ ನೋಡಿದರೆ ನನ್ನ ಚಪ್ಪಲಿ, ಬ್ಯಾಗು ಇಟ್ಟ ಜಾಗ ದೂರ ಹೋಗುತ್ತಿದೆ. ನಾನು ಈಜುತ್ತಿದ್ದೇನೆ, ಆದರೂ ದೂರ ಹೋಗುತ್ತಿದೆ.

ಬಾವಿಯಲ್ಲಿ ಸುಸ್ತಾದರೆ ಏನು ಮಾಡುತ್ತೇವೆ? ಆರು ಬಡಿತ ಬಡಿದರೆ ಕಲ್ಲು ಸಿಗುತ್ತದೆ. ಯಾವ ಕಡೆ ಹೋದರೂ ಕಲ್ಲೇ. ನನ್ನ ಕೈಕಾಲಿಗೆ ಗೊತ್ತಿದ್ದದ್ದು ಅದೊಂದೇ. ದಡದ ಕಡೆಗೆ ನೇರವಾಗಿ, ಜೋರಾಗಿ ಬಡಿದೆ. ಆರಲ್ಲ, ಅರವತ್ತು ಬಡಿದರೂ ಕಲ್ಲು ಬರಲಿಲ್ಲ. ಜೊತೆಗಿದ್ದ ಫಿಲಿಪ್ಪೀನ್ಸ್‌ನ ಹುಡುಗಿ ದಡದಿಂದ ಕೂಗುತ್ತಿದ್ದಳು, "ತೇಲು, ತೇಲು" ಎಂದು. ಆಗ ಬುದ್ಧಿ ಬಂತು. ಅಂಗಾತ ಮಲಗಿದೆ, ಒಂದು ಕೈ ಎತ್ತಿದೆ. ಲೈಫ್‌ಗಾರ್ಡ್ ತೇಲುವ ಹಲಗೆ ಹಾಕಿಕೊಂಡು ಬಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆ ಸೆಳೆತಕ್ಕೆ ರಿಪ್ ಕರೆಂಟ್ ಎನ್ನುತ್ತಾರೆ. ಅಲೆಗಳು ದಡಕ್ಕೆ ತಂದ ನೀರು ವಾಪಸ್ ಹೋಗಲೇಬೇಕು ಅಲ್ವಾ, ಒಂದು ಕಿರಿದಾದ ಕಾಲುವೆ ಮಾಡಿಕೊಂಡು ಸಮುದ್ರದ ಒಳಕ್ಕೆ ಓಡುತ್ತದೆ. ಅದು ನಿಮ್ಮನ್ನು ಕೆಳಕ್ಕೆ ಎಳೆಯುವುದಿಲ್ಲ, ದೂರ ಒಯ್ಯುತ್ತದೆ ಅಷ್ಟೇ. ಮುಳುಗಿಸುವುದು ಸುಸ್ತು ಮತ್ತು ಗಾಬರಿ. ಎದುರು ಈಜಬೇಡಿ. ತೇಲಿ, ಕೈ ಎತ್ತಿ. ಶಕ್ತಿ ಇದ್ದರೆ ದಡಕ್ಕೆ ಸಮಾನವಾಗಿ ಪಕ್ಕಕ್ಕೆ ಈಜಿ, ಕಾಲುವೆ ದಾಟಿದ ಮೇಲೆ ದಡಕ್ಕೆ ತಿರುಗಿ. ನೊರೆ ಅಲೆಗಳ ಮಧ್ಯೆ ಒಂದು ಪಟ್ಟಿ ಮಾತ್ರ ನಯವಾಗಿ, ಅಲೆ ಇಲ್ಲದೆ ಕಂಡರೆ ನಮ್ಮಂಥವರು "ಇಲ್ಲಿ ಶಾಂತ ಇದೆ" ಎಂದು ಅಲ್ಲೇ ಇಳಿಯುತ್ತೇವೆ. ಎಷ್ಟೋ ಸಲ ಕಾಲುವೆ ಇರುವುದು ಅಲ್ಲೇ.

ತಿಪಟೂರಿನವರೇ, ಭರತ ಇಳಿತ ಕಡಿಮೆ ಎನ್ನುವುದು ನಿಜ. ಆದರೆ ಅಲೆ ಎಬ್ಬಿಸುವುದು ಗಾಳಿ. ಮಾಲ್ಟಾದವರು ಗಾಳಿಗೆ ಹೆಸರಿಟ್ಟು ಮಾತಾಡುತ್ತಾರೆ, ನಮ್ಮವರು ಮಳೆ ನಕ್ಷತ್ರ ಹೇಳುವ ಹಾಗೆ. ವಾಯವ್ಯದಿಂದ ಬರುವುದು ಮಯ್ಯಿಸ್ತ್ರಾಲ್, ಅದೇ ಜಾಸ್ತಿ. ಅದು ಬೀಸುವ ದಿನ ಐನ್ ತುಫೀಹಾ, ಗೋಲ್ಡನ್ ಬೇ ಕಡೆ ಅಲೆ ಏಳುತ್ತದೆ. ಆಗ ಜನ ದ್ವೀಪದ ಇನ್ನೊಂದು ಬದಿಗೆ ಹೋಗುತ್ತಾರೆ. ಇಡೀ ದೇಶ 316 ಚದರ ಕಿಲೋಮೀಟರ್, ನಮ್ಮ ತಾಲ್ಲೂಕಿಗಿಂತ ಚಿಕ್ಕದು. ಬಸ್ ಹತ್ತಿದರೆ ಬೇರೆ ಸಮುದ್ರ ಸಿಗುತ್ತದೆ. ಆಗ್ನೇಯದ ಕಡೆ ಪ್ರೆಟ್ಟಿ ಬೇ ಎಂದಿದೆ. ಹೆಸರು ಸುಂದರ, ಎದುರಿಗೆ ಮಾತ್ರ ಬಂದರಿನ ಕಂಟೇನರ್ ಕ್ರೇನುಗಳು. ಮಕ್ಕಳಿಗೆ ಕ್ರೇನ್ ನೋಡೋದೇ ಖುಷಿ. ಬೆಳಿಗ್ಗೆ ಎದ್ದು ಅಕ್ಕನ ಮಗಳಿಗೆ "ಇವತ್ತು ಯಾವ ಗಾಳಿ?" ಎಂದು ಕೇಳಿ, ಆಮೇಲೆ ಬೀಚ್ ಆರಿಸಿ.

ನೀಲಿ ಬಾವುಟದ ವಿಷಯದಲ್ಲೂ ಗೊಂದಲ ಬೇಡ. ಅದು ನೀರಿನ ಶುದ್ಧತೆ, ಶೌಚಾಲಯ, ಜೀವರಕ್ಷಣೆಯ ಏರ್ಪಾಡು ಎಲ್ಲ ನೋಡಿ ಒಂದು ಋತುವಿಗೆ ಕೊಡುವ ಗುರುತು. ನಮ್ಮ ಪಡುಬಿದ್ರಿ, ಹೊನ್ನಾವರದ ಕಾಸರಕೋಡಿಗೂ 2020ರಲ್ಲಿ ಸಿಕ್ಕಿತ್ತು. ಇವತ್ತು ಇಳಿಯಬಹುದಾ ಎಂದು ಹೇಳುವುದು ಬೇರೆ ಬಾವುಟ. ಕೆಂಪು ಇದ್ದರೆ ನೀರಿಗೆ ಇಳಿಯಬಾರದು, ಹಳದಿ ಇದ್ದರೆ ನಿಮ್ಮಂಥ ನನ್ನಂಥವರು ದಡದಲ್ಲೇ ಇರಬೇಕು, ನೇರಳೆ ಇದ್ದರೆ ಜೆಲ್ಲಿ ಮೀನು. ಇಷ್ಟು ಬಾಯಿಪಾಠ ಮಾಡಿಸಿ, ಮಗನಿಗೂ.

ಈಗ ಬಂಡೆ. ನೀವು ನೋಡಿದ ಫೋಟೋ ಸೇಂಟ್ ಪೀಟರ್ಸ್ ಪೂಲ್ ಇರಬೇಕು. ನಾನು ಹೋದಾಗೆಲ್ಲ ಅಲ್ಲಿ ಲೈಫ್‌ಗಾರ್ಡ್ ಕಾಣಲಿಲ್ಲ. ನೆಗೆಯುವ ಹುಡುಗರು ಅಲ್ಲೇ ಹುಟ್ಟಿ ಬೆಳೆದವರು, ಯಾವ ಕಲ್ಲು ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಾರೆ. ನಿಮ್ಮ ಬಾವಿ ನಿಮಗೆ ಗೊತ್ತಿದ್ದ ಹಾಗೆ. ಬೇರೆ ಊರಿನ ಬಾವಿಗೆ ಮೊದಲ ದಿನವೇ ತಲೆ ಕೆಳಗೆ ಮಾಡಿ ನೆಗೆದಿದ್ದೀರಾ? ತಲೆ ಕೆಳಗೆ ಮಾಡಿ ನೆಗೆದು ಕತ್ತಿನ ಮೂಳೆ ಮುರಿದುಕೊಂಡ ಹುಡುಗರನ್ನು ವಾರ್ಡಿನಲ್ಲಿ ನೋಡಿದ್ದೇನೆ. ಅದರ ಬಗ್ಗೆ ಇನ್ನೇನೂ ಬರೆಯುವುದಿಲ್ಲ. ಬಂಡೆ ಜಾಗದಲ್ಲಿ ಈಜಲೇಬೇಕು ಎನ್ನಿಸಿದರೆ ಏಣಿ ಹಿಡಿದು ಇಳಿಯಿರಿ. ಇಳಿಯುವ ಮುಂಚೆ ಹತ್ತುವುದು ಎಲ್ಲಿ ಎಂದು ನೋಡಿಕೊಳ್ಳಿ. ಅಲೆ ಎದ್ದ ದಿನ ಏಣಿ ಹಿಡಿಯೋಕೇ ಆಗುವುದಿಲ್ಲ, ಬಂಡೆಗೆ ಉಜ್ಜುತ್ತದೆ. ಇನ್ನೊಂದು, ನೆರಳು ಸಿಕ್ಕಿತು ಎಂದು ಗುಡ್ಡದ ಬುಡದಲ್ಲಿ ಟವೆಲ್ ಹಾಸಬೇಡಿ. ಸುಣ್ಣಕಲ್ಲು ಉದುರುತ್ತದೆ, ಬೋರ್ಡ್ ಹಾಕಿರುತ್ತಾರೆ.

ಬಂಡೆ ಎಂದರೆ ಕಡಲ ಮುಳ್ಳುಹಂದಿಯೂ ಇರುತ್ತದೆ. ನಿಜವಾದ ಮುಳ್ಳುಹಂದಿ ಅಲ್ಲ, ಕಪ್ಪು ಉಂಡೆ, ಮೈಯೆಲ್ಲ ಸೂಜಿ. ಅಲ್ಲಿನವರು ರಿತ್ಸಿ ಎನ್ನುತ್ತಾರೆ. ನನ್ನ ಹಿಮ್ಮಡಿಗೆ ಏಳು ಮುಳ್ಳು ಹೊಕ್ಕಿದ್ದವು. ಜಾಲಿಮುಳ್ಳಾದರೆ ಇಡಿಯಾಗಿ ಬರುತ್ತದೆ, ಇದು ಹಿಡಿದರೆ ಪುಡಿಪುಡಿ. ಮೂರು ದಿನ ತುದಿಗಾಲಲ್ಲಿ ಡ್ಯೂಟಿ ಮಾಡಿದೆ. ರಬ್ಬರ್ ತಳದ ನೀರಿನ ಶೂ ತೆಗೆದುಕೊಳ್ಳಿ, ನಾಲ್ಕು ಜೊತೆ.

ಅಕ್ಕನಿಗೆ, ಅಂದರೆ ನಿಮ್ಮ ಹೆಂಡತಿಗೆ ಹೇಳಿ, ಯಾರೂ ಏನೂ ಅನ್ನುವುದಿಲ್ಲ. ಮೈ ತುಂಬ ಬಟ್ಟೆ ಹಾಕಿ ಈಜುವವರು ಅಲ್ಲೂ ಇದ್ದಾರೆ. ಆದರೆ ಹತ್ತಿ ಚೂಡಿದಾರ್ ಬೇಡ. ನೆನೆದರೆ ಭಾರ, ಪ್ಯಾಂಟು ಕಾಲಿಗೆ ಸುತ್ತುತ್ತದೆ, ದುಪಟ್ಟಾ ಅಂತೂ ಕುತ್ತಿಗೆಗೆ ಉರುಳು. ಈಜುವ ಬಟ್ಟೆಯದೇ ಉದ್ದ ತೋಳಿನ ಟಾಪ್, ಲೆಗಿಂಗ್ಸ್ ಸಿಗುತ್ತದೆ. ಬಿಸಿಲಿಗೂ ಅದೇ ಒಳ್ಳೆಯದು. ನಾವು ಕಪ್ಪಗಿದ್ದೇವೆ, ಬಿಸಿಲು ನಮಗೇನು ಮಾಡುತ್ತದೆ ಎಂದು ನಾನೂ ಅಂದುಕೊಂಡಿದ್ದೆ. ಮೊದಲ ವಾರ ಬೈತಲೆ ಸುಟ್ಟಿತು. ತಲೆ ಬಾಚಿದರೆ ಹೊಟ್ಟಿನ ಹಾಗೆ ಚರ್ಮ ಉದುರುತ್ತಿತ್ತು. ಊರಲ್ಲಿ ನಾವು ಬಿಸಿಲಿನಲ್ಲಿ ನಡೆಯುತ್ತೇವೆ, ಮಲಗುವುದಿಲ್ಲ. ಟೋಪಿ, ಡಬ್ಬಿಯ ಮೇಲೆ ಎಸ್‌ಪಿಎಫ್ 30ಕ್ಕೆ ಮೇಲೆ ಎಂದಿರುವ ಸನ್‌ಸ್ಕ್ರೀನ್, ಎರಡು ಗಂಟೆಗೊಮ್ಮೆ ಮತ್ತು ನೀರಿನಿಂದ ಎದ್ದ ಮೇಲೆ ಮತ್ತೆ. ಪಾದದ ಮೇಲ್ಭಾಗ ಮರೆಯಬೇಡಿ.

ಜೆಲ್ಲಿ ಮೀನಿಗೆ ಅಲ್ಲಿ ಬ್ರಾಮಾ ಎನ್ನುತ್ತಾರೆ. ಯಾರಾದರೂ "ಬ್ರಾಮಾ!" ಎಂದು ಕೂಗಿದರೆ ದೇವರನ್ನು ಕರೆಯುತ್ತಿಲ್ಲ, ಎದ್ದು ಬನ್ನಿ. ಜಾಸ್ತಿ ಕುಟುಕುವುದು ನೇರಳೆ ಬಣ್ಣದ ಚಿಕ್ಕದು. ಕುಟುಕಿದರೆ ಸಮುದ್ರದ ನೀರಿನಿಂದಲೇ ತೊಳೆಯಬೇಕು. ಬಾಟಲಿಯ ಸಿಹಿನೀರು ಹಾಕಿದರೆ ಚರ್ಮಕ್ಕೆ ಅಂಟಿದ ವಿಷದ ಗೂಡುಗಳು ಮತ್ತೆ ಸಿಡಿಯುತ್ತವೆ. ಉಜ್ಜಬೇಡಿ, ಮರಳು ಹಾಕಬೇಡಿ, ಮೂತ್ರ ಅಂತೂ ಬೇಡವೇ ಬೇಡ. ಈ ಜಾತಿಗೆ ವಿನೆಗರ್ ಕೂಡ ಬೇಡ. ಅಡುಗೆ ಸೋಡಾ ಮತ್ತು ಸಮುದ್ರದ ನೀರು ಸಮಸಮ ಕಲಸಿ, ದೋಸೆ ಹಿಟ್ಟಿನ ಹದಕ್ಕೆ, ಎರಡು ನಿಮಿಷ ಮೆತ್ತಿ. ಆಮೇಲೆ ಎಟಿಎಂ ಕಾರ್ಡಿನ ಅಂಚಿನಿಂದ ಮೆಲ್ಲಗೆ ಕೆರೆದು ತೆಗೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಉಸಿರಾಟಕ್ಕೆ ತೊಂದರೆಯಾದರೆ, ಮುಖ ಊದಿದರೆ 112ಕ್ಕೆ ಫೋನ್ ಮಾಡಿ. ಸೋಡಾದ ಚಿಕ್ಕ ಡಬ್ಬಿ ನನ್ನ ಬೀಚ್ ಬ್ಯಾಗಿನಲ್ಲಿ ಯಾವಾಗಲೂ ಇರುತ್ತಿತ್ತು. ಮನೆಗೆ ಬಂದ ಮೇಲೆ ಅದೇ ಡಬ್ಬಿಯಿಂದ ಬೋಂಡಾ ಮಾಡಿದ್ದೂ ಇದೆ.

ಬಾತುಕೋಳಿ ಬೇಡ ಅಣ್ಣಾ. ಗಾಳಿ ದಡದಿಂದ ಸಮುದ್ರದ ಕಡೆ ಬೀಸುವ ದಿನ ನೀರು ನಿಜವಾಗಲೂ ಕೆರೆಯ ಹಾಗೆ ಕಾಣುತ್ತದೆ. ಬಾತುಕೋಳಿ ಆಗ ಹಾಯಿದೋಣಿ. ಮಗು ಅದರ ಮೇಲೆ ಕೂತಿದ್ದರೆ ನೀವು ಹಿಂದೆ ಈಜಿ ಹಿಡಿಯೋಕೆ ಆಗುವುದಿಲ್ಲ.

ಅಂತರಗಂಗೆ, ಕೋಲಾರ

ಮೇಷ್ಟ್ರ ಚಪಲ, ಒಂದು ಮಾತು ಸೇರಿಸುತ್ತೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ.

"ತಳದ ಕಲ್ಲು ಎಣಿಸಬಹುದು" ಎಂದಿದ್ದೀರಲ್ಲ, ಅಲ್ಲೇ ಇರುವುದು ಮೋಸ. ಬಕೆಟ್ಟಿನ ನೀರಿನಲ್ಲಿ ನಾಣ್ಯ ಹಾಕಿ ಮೇಲಿಂದ ನೋಡಿ, ನಾಣ್ಯ ಮೇಲಕ್ಕೆ ಬಂದ ಹಾಗೆ ಕಾಣುತ್ತದೆ. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುವುದರಿಂದ ಆಳ ಮುಕ್ಕಾಲು ಭಾಗದಷ್ಟೇ ಕಾಣುತ್ತದೆ. ನಾಲ್ಕು ಮೀಟರ್ ಇದ್ದರೆ ಮೂರು ಎನ್ನಿಸುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ನಮ್ಮ ಬಾವಿಗಳ ಹಸಿರು ನೀರಿನಲ್ಲಿ ತಳವೇ ಕಾಣುತ್ತಿರಲಿಲ್ಲ, ಅದಕ್ಕೇ ಭಯ ಇತ್ತು. ಭಯ ಇದ್ದದ್ದರಿಂದ ಹುಷಾರಾಗಿದ್ದೆವು. "ಎದೆಮಟ್ಟ ಇರಬಹುದು" ಎಂದು ಮಗನನ್ನು ಇಳಿಸಿದರೆ ತಲೆ ಮುಳುಗೀತು.

ಮಾಲ್ಟಾದಲ್ಲಿ ಹೇಳಿಕೊಳ್ಳುವಂಥ ನದಿ ಇಲ್ಲ, ನಮ್ಮ ಕೋಲಾರದ ಹಾಗೇ. ಕೆಸರು ತಂದು ಸುರಿಯುವವರು ಇಲ್ಲದ್ದರಿಂದ ಸಮುದ್ರ ತಿಳಿ. ಕುಡಿಯುವ ನೀರಿನಲ್ಲಿ ದೊಡ್ಡ ಪಾಲು ಸಮುದ್ರದ ಉಪ್ಪು ತೆಗೆದು ಮಾಡಿಕೊಂಡದ್ದು. ನಮಗೆ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಿಂದ ಕೆರೆಗೆ ಬರುತ್ತಿದೆ, ಅವರಿಗೆ ಆ ದಾರಿ.

ಉಪ್ಪಿನ ವಿಷಯವೂ ಇದೆ. ಅಲ್ಲಿ ಲೀಟರಿಗೆ 38 ಗ್ರಾಂ ಹತ್ತಿರ ಉಪ್ಪು, ಮಾಮೂಲಿ ಸಾಗರಕ್ಕಿಂತ ಜಾಸ್ತಿ. ಆವಿಯಾಗಿ ಹೋಗುವಷ್ಟು ನೀರನ್ನು ಮಳೆ, ನದಿ ತುಂಬಿಕೊಡುವುದಿಲ್ಲ. ಹೊರಗಿನ ಸಾಗರದಿಂದ ನೀರು ಬರುವ ಜಿಬ್ರಾಲ್ಟರ್ ಬಾಗಿಲು 14 ಕಿಲೋಮೀಟರ್ ಅಗಲ ಅಷ್ಟೇ. ಬಾವಿಯ ಸಿಹಿನೀರಿನಲ್ಲಿ ಈಜಿದವರು ಅಲ್ಲಿ ಹಗುರಾಗಿ ತೇಲುತ್ತಾರೆ. ಹಗುರ ಎನ್ನಿಸಿದಾಗ ಇನ್ನೂ ಸ್ವಲ್ಪ ದೂರ ಹೋಗೋಣ ಎನ್ನಿಸುತ್ತದೆ. ಹೋದಷ್ಟೇ ದೂರ ವಾಪಸ್ ಬರಬೇಕು ಎನ್ನುವ ಲೆಕ್ಕ ಬದಲಾಗುವುದಿಲ್ಲ.

ರೇಷ್ಮೆಗೂಡು, ಶಿಡ್ಲಘಟ್ಟ

ಎಲ್ಲರಿಗೂ ಧನ್ಯವಾದ. ತಂಗಿ, ನಿಮ್ಮ ಉತ್ತರವನ್ನು ಮನೆಯಲ್ಲಿ ಜೋರಾಗಿ ಓದಿದೆ. ಅರವತ್ತು ಬಡಿದರೂ ಕಲ್ಲು ಬರಲಿಲ್ಲ ಎನ್ನುವಲ್ಲಿ ಹೆಂಡತಿ ನನ್ನ ಮುಖ ನೋಡಿದಳು.

ಒಂದು ತಪ್ಪೊಪ್ಪಿಗೆ. ನಿನ್ನೆ ಬೆಂಗಳೂರಿನಲ್ಲಿ ಗೆಳೆಯನ ಅಪಾರ್ಟ್‌ಮೆಂಟಿನ ಈಜುಕೊಳಕ್ಕೆ ಇಳಿದು ನೋಡಿದೆ. ಇಪ್ಪತ್ತೈದು ಮೀಟರ್ ಹೋದೆ. ವಾಪಸ್ ಬರುವಾಗ ಅರ್ಧಕ್ಕೆ ಗೋಡೆ ಹಿಡಿದುಕೊಂಡೆ. ಎದೆ ಡಬಡಬ. ಪಕ್ಕದಲ್ಲಿ ಒಂದು ಪುಟ್ಟ ಹುಡುಗಿ ಕನ್ನಡಕ ಹಾಕಿಕೊಂಡು ಆರನೇ ಸುತ್ತು ಹೊಡೆಯುತ್ತಿದ್ದಳು. ಬಿ.ಪಿ. ಮಾತ್ರೆಯೂ ತೆಗೆದುಕೊಳ್ಳುತ್ತೇನೆ, ಮೊದಲು ಹೇಳಿರಲಿಲ್ಲ.

ಇನ್ನೆರಡು ಪ್ರಶ್ನೆ. ಮಗನಿಗೆ ಮತ್ತೆ ಏನು ಕೊಡಿಸಲಿ? ಬಾಮೈದನಿಗೆ ಏನು ಹೇಳಲಿ? ಅವನು ಬಿಯರ್ ಕುಡಿದು ದೋಣಿಯಲ್ಲಿ ಬ್ಲೂ ಲಗೂನಿಗೆ ಹೋಗುತ್ತೇನೆ ಎನ್ನುತ್ತಿದ್ದಾನೆ.

ವಿದುರಾಶ್ವತ್ಥದ ಹುಡುಗಿ, ಗೌರಿಬಿದನೂರು

ಗೋಡೆ ಹಿಡಿದುಕೊಂಡದ್ದನ್ನು ಬರೆದಿರಲ್ಲ ಅಣ್ಣಾ, ಅಲ್ಲಿಗೆ ಅರ್ಧ ಕೆಲಸ ಆಯಿತು. ಬಿ.ಪಿ. ಇದೆ ಎಂದರೆ ಹೊರಡುವ ಮುಂಚೆ ಡಾಕ್ಟರನ್ನು ಕೇಳಿ. ಕೆಲವು ಮಾತ್ರೆ ಮೂತ್ರ ಜಾಸ್ತಿ ಮಾಡುತ್ತವೆ, ಅಲ್ಲಿನ ಬಿಸಿಲಿನಲ್ಲಿ ನೀರು ಸಾಲದೆ ತಲೆ ಸುತ್ತುತ್ತದೆ. ಸೆಪ್ಟೆಂಬರ್ ಆರಿಸಿದ್ದು ಒಳ್ಳೆಯದು. ನೀರು 25, 26 ಡಿಗ್ರಿ ಇರುತ್ತದೆ. ಏಪ್ರಿಲಿನಲ್ಲಿ ಫೋಟೋ ಹೀಗೇ ಕಾಣುತ್ತದೆ, ಆದರೆ ನೀರು 16 ಡಿಗ್ರಿ. ಇಳಿದ ತಕ್ಷಣ ಉಸಿರು ಸಿಕ್ಕಿಕೊಳ್ಳುತ್ತದೆ.

ಮಗನಿಗೆ ಅವನ ತೂಕಕ್ಕೆ ಸರಿಯಾದ ಲೈಫ್ ಜಾಕೆಟ್, ಕಾಲುಸಂದಿಯಲ್ಲಿ ಪಟ್ಟಿ ಇರುವುದು. ಪಟ್ಟಿ ಇಲ್ಲದಿದ್ದರೆ ಜಾಕೆಟ್ ಮೇಲೆ, ಮಗು ಕೆಳಗೆ. ತೋಳಿಗೆ ಹಾಕುವ ಗಾಳಿಬಳೆ ಆಟದ ಸಾಮಾನು ಅಷ್ಟೇ. ಬಟ್ಟೆ ಕಿತ್ತಳೆ ಬಣ್ಣದ್ದು ಕೊಡಿಸಿ. ನೀಲಿ ಬಟ್ಟೆ ನೀರಿನಲ್ಲಿ ಕಾಣುವುದೇ ಇಲ್ಲ. ಜಾಕೆಟ್ ಇದ್ದರೂ ದೊಡ್ಡವರೊಬ್ಬರು ಕೈಗೆ ಸಿಗುವಷ್ಟು ಹತ್ತಿರ ಇರಬೇಕು, ಮೊಬೈಲ್ ಒಳಗಿಟ್ಟು. ಮುಳುಗುವ ಮಗು ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲೇ ಇರುತ್ತದೆ, ಕೂಗೋಕೆ ಉಸಿರೇ ಇರುವುದಿಲ್ಲ. ಮೊದಲ ದಿನ ಮೆಲ್ಲೀಹಾ ಬೇಗೆ ಹೋಗಿ. ಆದೀರಾ ಎಂದರೂ ಅದೇ. ತುಂಬ ದೂರ ನಡೆದರೂ ನೀರು ಸೊಂಟದ ಮಟ್ಟ, ಬೇಸಿಗೆಯಲ್ಲಿ ಲೈಫ್‌ಗಾರ್ಡ್ ಇರುತ್ತಾರೆ. ಅಕ್ಕನೂ ಅಲ್ಲಿ ಆರಾಮಾಗಿ ಕೂರಬಹುದು.

ಬ್ಲೂ ಲಗೂನ್ ಇರುವುದು ಕೊಮಿನೋ ಎನ್ನುವ ಪುಟ್ಟ ದ್ವೀಪದಲ್ಲಿ. 2025ರಿಂದ ಮುಂಚೆಯೇ ಬುಕ್ ಮಾಡಿಕೊಂಡು ಹೋಗಬೇಕು. ಜಾತ್ರೆಯಷ್ಟು ಜನ, ಸುತ್ತ ದೋಣಿಗಳು. ಈಜುವವರಿಗೆ ಬುರುಡೆಯಂಥ ತೇಲುಗುಂಡುಗಳನ್ನು ಸಾಲಾಗಿ ಕಟ್ಟಿರುತ್ತಾರೆ, ಅದರ ಒಳಗೇ ಇರಬೇಕು. ಆಚೆ ದೋಣಿಯ ಫ್ಯಾನು. ಬಾಮೈದ ಬಿಯರ್ ಕುಡಿಯಲಿ, ಯಾರು ಬೇಡ ಎಂದರು? ಈಜಿ ಮುಗಿಸಿ, ಮೈ ಒರೆಸಿಕೊಂಡು, ಒಣ ಚಡ್ಡಿ ಹಾಕಿಕೊಂಡ ಮೇಲೆ ಕುಡಿಯಲಿ. ಅವನು ಕೇಳದೆ ನೀರಿಗೆ ಬಿದ್ದರೂ ನೀವು ಹಿಂದೆ ನೆಗೆಯಬೇಡಿ. ನಮ್ಮ ಕಡೆ ಕೆರೆಗಳಲ್ಲಿ ಒಬ್ಬನನ್ನು ಉಳಿಸೋಕೆ ಹೋಗಿ ಇಬ್ಬರು ಮೂವರು ಹೋದ ಸುದ್ದಿ ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ತೇಲುವ ವಸ್ತು ಏನಿದ್ದರೂ ಎಸೆಯಿರಿ, ಲೈಫ್‌ಗಾರ್ಡನ್ನು ಕೂಗಿ, 112ಕ್ಕೆ ಫೋನ್ ಮಾಡಿ. ಮಾಲ್ಟಾದಲ್ಲಿ ಇಂಗ್ಲಿಷ್ ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ, ಆ ತೊಂದರೆ ಇಲ್ಲ.

ಮತ್ತೆ, ಹೊರಡುವವರೆಗೆ ವಾರಕ್ಕೆ ಎರಡು ಸಲ ಆ ಈಜುಕೊಳಕ್ಕೆ ಹೋಗಿ. ದೂರ ಈಜುವುದು ಬೇಡ. ಅಂಗಾತ ಹತ್ತು ನಿಮಿಷ ತೇಲುವುದು ಅಭ್ಯಾಸ ಮಾಡಿ. ಅಕ್ಕನಿಗೂ ಅದನ್ನೇ ಕಲಿಸಿ.

ತಿಪಟೂರು ಕೊಬ್ಬರಿ

ನೀಲಿ ಬಾವುಟದ ವಿಷಯ ನನಗೆ ಗೊತ್ತಿರಲಿಲ್ಲ, ತಪ್ಪು ಒಪ್ಪಿಕೊಂಡೆ. ಚಪ್ಪಲಿ ಮಾತು ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ.

ರೇಷ್ಮೆಗೂಡು, ಶಿಡ್ಲಘಟ್ಟ

ಮೂರು ವಾರ ಆಯಿತು, ಹೇಳಿ ಹೋಗೋಣ ಎಂದು ಬಂದೆ. ನಾನು ಹತ್ತು ನಿಮಿಷ ತೇಲುತ್ತೇನೆ. ಹೆಂಡತಿ ಹದಿನೈದು. ಅವಳಿಗೆ ಈಜು ಬಾರದು, ಆದರೆ ನೀರಿನ ಮೇಲೆ ಮಲಗಿ ಮಗನ ಹೋಂವರ್ಕ್ ವಿಚಾರಿಸುತ್ತಾಳೆ. ನಾಲ್ಕು ಜೊತೆ ಶೂ ಬಂದಿವೆ, ಬಾಮೈದನದು ಒಂದು ನಂಬರ್ ಚಿಕ್ಕದಾಗಿದೆ, ಬದಲಾಯಿಸಬೇಕು.

ಬಾತುಕೋಳಿಯ ಗಾಳಿ ಬಿಟ್ಟು ಅಟ್ಟಕ್ಕೆ ಹಾಕಿದೆ. ಮಗ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.